ಕತ್ತರಿಸುವ ಗೆರೆಯ ಚರಿತ್ರೆ

ಸ್ಟಿಕ್ಕರ್ ಎಂಬುದು ಮುದ್ರಣ ಮತ್ತು ಕತ್ತರಿಕೆ ಎಂಬ ಎರಡು ಕೆಲಸಗಳ ಕೂಡಿಕೆ. 1935ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಟಾಂಟನ್ ಏವರಿ ಬಿಡಿಸಿ ಅಂಟಿಸುವ ಲೇಬಲ್ಲುಗಳ ತಯಾರಿಕೆ ಆರಂಭಿಸಿದಂದಿನಿಂದ ಇಂದಿನವರೆಗೂ ಈ ಎರಡನ್ನು ಹೊಂದಿಸುವುದೇ ಈ ಕಸುಬಿನ ಮೂಲ ಸಮಸ್ಯೆ. ಸ್ಕ್ರೀನ್ ಪ್ರಿಂಟಿಂಗ್ ಕಾಲದಲ್ಲಿ ಬಣ್ಣಕ್ಕೊಂದು ಫಿಲ್ಮ್ ಇರುತ್ತಿತ್ತು. ಒಂದರ ಮೇಲೊಂದು ಸರಿಯಾಗಿ ಕೂತಿತೇ, ಅಂಚು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಕೆಲಸಗಾರನ ಕಣ್ಣು ತೀರ್ಮಾನಿಸುತ್ತಿತ್ತು. ಅಲ್ಲಿಂದೀಚಿನ ಬೆಳವಣಿಗೆಯನ್ನು ನೋಡಿದರೆ, ಕಣ್ಣು ಮಾಡುತ್ತಿದ್ದ ಒಂದೊಂದೇ ತೀರ್ಮಾನ ಫೈಲಿನೊಳಕ್ಕೆ ಸರಿದುಬಂದದ್ದು ಕಾಣುತ್ತದೆ. ಆದ್ದರಿಂದ ಫೈಲು ಸಿದ್ಧಪಡಿಸುವುದನ್ನು ಮುದ್ರಣದ ಮುನ್ನುಡಿಯೆಂದು ಭಾವಿಸದೆ, ಮುದ್ರಣದ ಭಾಗವೆಂದೇ ಎಣಿಸಬೇಕು ಎಂಬುದು ನನ್ನ ವಾದ.

1984ರಲ್ಲಿ ಬಂದ ಪೋಸ್ಟ್‌ಸ್ಕ್ರಿಪ್ಟ್ ಅಕ್ಷರವನ್ನೂ ಚಿತ್ರವನ್ನೂ ಗಣಿತದ ಗೆರೆಗಳಾಗಿ ವಿವರಿಸಿತು. 1987ರ ಇಲಸ್ಟ್ರೇಟರ್, 1989ರ ಕೋರೆಲ್‌ಡ್ರಾ ಆ ಗೆರೆಗಳನ್ನು ವಿನ್ಯಾಸಕಾರರ ಕೈಗಿತ್ತವು. ವಿನೈಲ್ ಕತ್ತರಿಸುವ ಪ್ಲಾಟರಿನ ಬ್ಲೇಡು ಅನುಸರಿಸುವುದೂ ಅಂಥದೇ ಗೆರೆಯನ್ನು. ನಮ್ಮ ಊರುಗಳ ರೇಡಿಯಂ ಕಟಿಂಗ್ ಅಂಗಡಿಗಳು ನಿಂತಿರುವುದು ಅದರ ಮೇಲೆಯೇ. 1993ರಲ್ಲಿ ಪಿಡಿಎಫ್ ಬಂತು. 2001ರ ಪಿಡಿಎಫ್/ಎಕ್ಸ್-1ಎ ಮಾನದಂಡವು ಫಾಂಟುಗಳು ಫೈಲಿನೊಳಗೇ ಇರಬೇಕೆಂದು ವಿಧಿಸಿತು. ಮುದ್ರಿಸಿ ಕತ್ತರಿಸುವ ಯಂತ್ರಗಳಲ್ಲಿ ಕತ್ತರಿಸುವ ಗೆರೆಗೆ ‘ಕಟ್‌ಕಾಂಟೂರ್’ನಂಥ ಹೆಸರಿರುವ ಪ್ರತ್ಯೇಕ ಬಣ್ಣ ಕೊಡುವುದು ರೂಢಿಯಾಯಿತು: ಆ ಬಣ್ಣ ಕಾಗದದ ಮೇಲೆ ಬೀಳುವುದಿಲ್ಲ, ಬ್ಲೇಡಿಗೆ ದಾರಿ ತೋರಿಸುತ್ತದೆ. 2018ರ ಐಎಸ್‌ಒ 19593-1 ಮಾನದಂಡ ಕತ್ತರಿಕೆ, ಬಿಳಿ ಶಾಯಿ, ವಾರ್ನಿಶ್‌ಗಳ ಪದರಗಳನ್ನು ಫೈಲಿನಲ್ಲೇ ಗುರುತಿಸುವ ಸಮಾನ ಕ್ರಮವನ್ನು ತಂದಿತು. ಇಷ್ಟಾದರೂ ಹಾಳೆ ತುಸು ಜರುಗುವುದು ತಪ್ಪಿಲ್ಲ. ಹಾಗಾಗಿಯೇ ಕತ್ತರಿಸುವ ಗೆರೆಯಾಚೆ ಎರಡು ಮೂರು ಮಿಲಿಮೀಟರ್ ಬಣ್ಣ ಚಾಚಿಸುವ ಬ್ಲೀಡ್, ಅಕ್ಷರಗಳನ್ನು ಗೆರೆಯಿಂದ ಅಷ್ಟೇ ಒಳಗಿಡುವ ಎಚ್ಚರ ಇಂದಿಗೂ ಉಳಿದಿವೆ.

ತೀರ್ಮಾನಗಳು ಕಣ್ಣಿನಿಂದ ಫೈಲಿಗೆ ಸರಿದ ಈ ವರ್ಗಾವಣೆಯಲ್ಲಿ ಹೆಚ್ಚು ಪೆಟ್ಟು ತಿಂದದ್ದು ಕನ್ನಡದಂಥ ಲಿಪಿಗಳು. ಹಳೆಯ ಡಿಟಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನಿಟ್ಟಿದ್ದವು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಸಾಲು. ಯುನಿಕೋಡ್ ಆ ಗೊಂದಲ ನೀಗಿಸಿದರೂ, ಲಿಪಿಯ ನಿಯಮ ತಿಳಿಯದ ತಂತ್ರಾಂಶದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಡಿಟಿಪಿಯವರು ‘ಕರ್ವ್ ಮಾಡಿ ಕಳಿಸಿ’, ಅಂದರೆ ಅಕ್ಷರಗಳನ್ನು ಬರೀ ಗೆರೆಗಳಾಗಿ ಬದಲಿಸಿ ಕಳಿಸಿ, ಎನ್ನುವುದು ಇದಕ್ಕೇ. ಆದರೆ ಕರ್ವ್ ಮಾಡಿದರೆ ಮುಗಿಯಲಿಲ್ಲ. ಅಕ್ಷರದ ಭಾಗಗಳು ಒಂದರ ಮೇಲೊಂದು ಹಾದಿದ್ದರೆ ಪ್ಲಾಟರ್ ಎರಡೂ ಗೆರೆಗಳನ್ನು ಕೊಯ್ದು ಅಕ್ಷರವನ್ನೇ ಸೀಳುತ್ತದೆ. ಮೊದಲು ವೆಲ್ಡ್ ಮಾಡಿ ಒಂದಾಗಿಸಬೇಕು. ಇದಕ್ಕೆ ತದ್ವಿರುದ್ಧವಾದ ತೊಡಕೂ ಇದೆ: ‘ಕನ್ನಡ’ ಎಂಬ ಪದದಲ್ಲೇ ನ ಒತ್ತು ಹಲವು ಫಾಂಟುಗಳಲ್ಲಿ ಮೇಲಿನ ಅಕ್ಷರಕ್ಕೆ ತಾಗದೆ ನಿಲ್ಲುತ್ತದೆ. ಅಕ್ಷರ ಚಿಕ್ಕದಾದಷ್ಟೂ, ಬೇಡದ ವಿನೈಲ್ ಕೀಳುವಾಗ ಆ ಬಿಡಿ ಒತ್ತೂ ಜೊತೆಗೆ ಎದ್ದುಬರುವ ಸಂಭವ ಹೆಚ್ಚು.

ಇದೆಲ್ಲ ಮುದ್ರಕರ ಹೊಣೆ, ಗ್ರಾಹಕನಿಗೇಕೆ ಎಂದು ಕೇಳಬಹುದು. ಕೆಲವನ್ನು ಅವರು ಸರಿಪಡಿಸಬಲ್ಲರು, ನಿಜ. ಆದರೆ ಇಲ್ಲದ ವಿವರವನ್ನು ಯಾರೂ ಮರಳಿ ತರಲಾರರು. ಹತ್ತು ಸೆಂಟಿಮೀಟರ್ ಅಗಲದ ಸ್ಟಿಕ್ಕರಿನಲ್ಲಿ ಇಂಚಿಗೆ 300 ಪಿಕ್ಸೆಲ್ ಬೇಕಾದರೆ ಚಿತ್ರದ ಅಗಲ ಸುಮಾರು 1,180 ಪಿಕ್ಸೆಲ್ ಇರಬೇಕು. ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದ 400 ಪಿಕ್ಸೆಲ್ ಲೋಗೊ ಇಂಚಿಗೆ ನೂರನ್ನಷ್ಟೇ ಕೊಟ್ಟೀತು. ತಂತ್ರಾಂಶವೇ ಈಗ ಅಂಚು ಗುರುತಿಸಿ ಗೆರೆ ಎಳೆಯುತ್ತದಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಬಲವಿದೆ. ಸರಳ ಆಕೃತಿಗಳಿಗೆ ಅದು ಸಾಕು. ಆದರೆ ಅದು ಕಾಣುವುದು ಬಣ್ಣದ ಅಂಚನ್ನು. ಬಿಡಿಯಾಗಿ ನಿಂತ ಒತ್ತು ಮೇಲಿನ ಅಕ್ಷರದ ಅಂಗವೆಂದು, ಅದನ್ನು ಬೇರ್ಪಡಿಸದೆ ಗೆರೆಯನ್ನು ತುಸು ಹೊರಗೆ ಎಳೆದು ಎರಡನ್ನೂ ಒಂದೇ ಆವರಣದಲ್ಲಿಡಬೇಕೆಂದು ನಿರ್ಧರಿಸಲು ಕನ್ನಡ ಓದಬಲ್ಲವರು ಬೇಕು. ಕಳಿಸುವ ಮುನ್ನ ಬಣ್ಣಗಳನ್ನೆಲ್ಲ ಮರೆಮಾಡಿ ಬರೀ ಗೆರೆಗಳನ್ನು ಒಮ್ಮೆ ನೋಡಿದರೆ ಬ್ಲೇಡು ಸಾಗುವ ದಾರಿ ಪೂರ್ತಿ ಕಾಣುತ್ತದೆ. ಹಿಂದೆ ಯಂತ್ರದ ಪಕ್ಕದಲ್ಲಿದ್ದ ಆ ಕಣ್ಣು ಈಗ ಇರಬೇಕಾದದ್ದು ಅಲ್ಲಿ.