ಅನ್ನನಾಳದೊಳಗೆ ಇಳಿದ ಬೆಳಕು

ಎದೆಯುರಿ, ಹುಳಿತೇಗು, ಗಂಟಲಿಗೆ ಏರಿಬರುವ ಹುಳಿನೀರು ಎಂದು ಕನ್ನಡದ ಮನೆಮಾತು ಬಗೆಬಗೆಯಾಗಿ ಗುರುತಿಸುತ್ತಿದ್ದ, ಈಚೆಗೆ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಪದದಲ್ಲಿ ಹೇಳಿ ಮುಗಿಸುವ ತೊಂದರೆಗಳ ಹಿಂದೆ ಅನೇಕ ವೇಳೆ ಇರುವುದು ಒಂದು ಸಣ್ಣ ಸಡಿಲಿಕೆ. ಅನ್ನನಾಳ ಜಠರವನ್ನು ಸೇರುವಲ್ಲಿ ಚೀಲದ ಬಾಯಿದಾರದಂತೆ ಬಿಗಿದಿರಬೇಕಾದ ಸ್ನಾಯುವಿನ ಉಂಗುರ ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಗೊಂಡರೆ ಜಠರದ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಜಠರದ ಒಳಪೊರೆಗಿರುವ ದಪ್ಪ ಲೋಳೆಯ ರಕ್ಷಣೆ ಅನ್ನನಾಳಕ್ಕೆ ಇಲ್ಲದಿರುವುದರಿಂದ ಅದು ಉರಿಯುತ್ತದೆ, ಕೆಲವರಲ್ಲಿ ಹುಣ್ಣಾಗುತ್ತದೆ. ಆಯುರ್ವೇದದ ಮಾಧವನಿದಾನ ‘ಅಮ್ಲಪಿತ್ತ’ಕ್ಕೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟು ಅದನ್ನು ಮೇಲ್ಮುಖ, ಕೆಳಮುಖ ಎಂದು ವಿಂಗಡಿಸಿತ್ತಾದರೂ ಆ ವಿಂಗಡಣೆ ನಿಂತದ್ದು ರೋಗಿಯ ಲಕ್ಷಣಗಳ ಮೇಲೆ. ಬದುಕಿರುವ ಮನುಷ್ಯನ ಅನ್ನನಾಳವನ್ನು ಕಣ್ಣಾರೆ ನೋಡುವ ಉಪಾಯ ಹತ್ತೊಂಬತ್ತನೆಯ ಶತಮಾನದವರೆಗೆ ಯಾರ ಕೈಯಲ್ಲೂ ಇರಲಿಲ್ಲ.

ಆ ಉಪಾಯದ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅದರ ಬಹುಪಾಲು ಉಪಕರಣಗಳು ಎದೆಯುರಿಗಾಗಿ ಹುಟ್ಟಿದವಲ್ಲ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಅಡಾಲ್ಫ್ ಕುಸ್‌ಮಾಲ್ 1868ರಲ್ಲಿ ಕತ್ತಿ ನುಂಗುವ ಪ್ರದರ್ಶನಕಾರನೊಬ್ಬನ ಗಂಟಲಿನೊಳಗೆ 47 ಸೆಂಟಿಮೀಟರ್ ಉದ್ದದ ನೆಟ್ಟನೆಯ ಲೋಹದ ಕೊಳವೆಯನ್ನು ಇಳಿಸಿದಾಗ ಅವನ ಗುರಿ ಜಠರವೇ ಆಗಿತ್ತು. ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಬಾಯಿ, ಗಂಟಲು, ಅನ್ನನಾಳ ಒಂದೇ ಗೆರೆಗೆ ಬರುತ್ತವೆಂಬ ವಿದ್ಯೆ ಕತ್ತಿ ನುಂಗುವವನ ಕಸುಬಿನಿಂದಲೇ ವೈದ್ಯನಿಗೆ ದಕ್ಕಿತು. ಆದರೆ ಸ್ಪಿರಿಟ್ ಮತ್ತು ಟರ್ಪೆಂಟೈನ್ ಮಿಶ್ರಣವನ್ನು ಉರಿಸುವ ದೀಪದ ಬೆಳಕು ಕೊಳವೆಯ ಅಡಿ ಮುಟ್ಟುವಷ್ಟರಲ್ಲಿ ಮಸುಕಾಗುತ್ತಿದ್ದುದರಿಂದ ಕುಸ್‌ಮಾಲ್ ಈ ಪ್ರಯತ್ನವನ್ನೇ ಬಿಟ್ಟನು. 1881ರಲ್ಲಿ ವಿಯೆನ್ನಾದ ಯೋಹಾನ್ ಮಿಕುಲಿಚ್ ಉಪಕರಣ ತಯಾರಕ ಯೋಸೆಫ್ ಲೈಟರ್‌ನ ನೆರವಿನಿಂದ ಕೊಳವೆಯ ತುದಿಗೇ ವಿದ್ಯುತ್ತಿನಿಂದ ಕೆಂಪಗೆ ಕಾಯುವ ಪ್ಲಾಟಿನಂ ತಂತಿಯನ್ನು ಇಟ್ಟು, ರೋಗಿಯ ಒಳಪೊರೆ ಸುಡದಂತೆ ಅದರ ಸುತ್ತ ತಣ್ಣೀರನ್ನು ಹರಿಸಿದನು. 1932ರಲ್ಲಿ ರುಡಾಲ್ಫ್ ಶಿಂಡ್ಲರ್ ಮತ್ತು ಗೇಯೋರ್ಗ್ ವೋಲ್ಫ್ ರೂಪಿಸಿದ ಅರೆಬಾಗುವ ಗ್ಯಾಸ್ಟ್ರೋಸ್ಕೋಪು ನೋಡುತ್ತಿದ್ದುದು ಪಕ್ಕಕ್ಕೆ. ಹೀಗಾಗಿ ಅದು ಅನ್ನನಾಳವನ್ನು ಕಣ್ಣುಮುಚ್ಚಿಕೊಂಡೇ ದಾಟಿ ಜಠರವನ್ನು ತಲುಪುತ್ತಿತ್ತು. ಅನ್ನನಾಳವೆಂದರೆ ಬರಿಯ ದಾರಿ ಎಂಬ ಭಾವನೆ ಈ ಉಪಕರಣಗಳ ರಚನೆಯಲ್ಲಿಯೇ ಇತ್ತೆಂದರೆ ತಪ್ಪಾಗದು.

ಆ ದಾರಿಗೂ ಒಂದು ರೋಗವಿದೆಯೆಂಬ ಮಾತು ಗಟ್ಟಿಯಾದದ್ದು ನ್ಯೂಯಾರ್ಕಿನ ಆಶರ್ ವಿಂಕೆಲ್‌ಸ್ಟೈನ್ 1935ರಲ್ಲಿ ಅನ್ನನಾಳದ ಉರಿಯೂತಕ್ಕೆ ಜಠರದ ಆಮ್ಲವೇ ಕಾರಣವಿರಬೇಕೆಂದು ವಾದಿಸಿದ ಮೇಲೆ. ಲಂಡನ್ನಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ 1950ರಲ್ಲಿ ವರ್ಣಿಸಿದ, ಜಠರದ್ದನ್ನು ಹೋಲುವ ಒಳಪೊರೆಯುಳ್ಳ ನಾಳ ಜಠರದ್ದೇ ಎಂದು ಅವನು ಮೊದಲು ತಿಳಿದಿದ್ದನು. ಅದು ಅನ್ನನಾಳವೇ ಎಂದು ಫಿಲಿಪ್ ಆಲಿಸನ್ ಮತ್ತು ಜಾನ್‌ಸ್ಟೋನ್ 1953ರಲ್ಲಿ ತೋರಿಸಿಕೊಟ್ಟರು, ಬ್ಯಾರೆಟ್ 1957ರಲ್ಲಿ ಒಪ್ಪಿಕೊಂಡನು. ಆದರೂ ಆ ಸ್ಥಿತಿಗೆ ಇಂದಿಗೂ ಬ್ಯಾರೆಟ್‌ನ ಹೆಸರೇ ನಿಂತಿದೆ.

ಕೊಳವೆ ಬಳ್ಳಿಯಂತೆ ಬಳುಕಿದ್ದು ಗಾಜಿನ ಎಳೆಗಳಿಂದ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹೆರಾಲ್ಡ್ ಹಾಪ್ಕಿನ್ಸ್ 1954ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸುವ ಬಗೆಯನ್ನು ಪ್ರಕಟಿಸಿದರು. ಮಿಶಿಗನ್ನಿನ ಬ್ಯಾಸಿಲ್ ಹರ್ಷೊವಿಟ್ಸ್ ತನ್ನ ತಂಡ ಸಿದ್ಧಪಡಿಸಿದ ಫೈಬರ್‌ಸ್ಕೋಪನ್ನು 1957ರಲ್ಲಿ ಮೊದಲು ತಾನೇ ನುಂಗಿ ನೋಡಿದನು. 1983ರಲ್ಲಿ ತುದಿಯಲ್ಲೇ ಸಿಸಿಡಿ ಎಂಬ ವಿದ್ಯುನ್ಮಾನ ಕಣ್ಣುಳ್ಳ ವಿಡಿಯೋ ಎಂಡೋಸ್ಕೋಪು ಬಂದ ಮೇಲೆ ಒಬ್ಬನ ಕಣ್ಣಿಗಷ್ಟೇ ಸಿಗುತ್ತಿದ್ದ ನೋಟ ಪರದೆಗೆ ಬಂತು. ಹತ್ತು ಜನ ಒಟ್ಟಿಗೆ ನೋಡತೊಡಗಿದಾಗ ಅವರ ಮಾತು ಒಂದಾಗಬೇಕಾಯಿತು: 1994ರಲ್ಲಿ ಮಂಡಿತವಾದ ಲಾಸ್ ಏಂಜಲೀಸ್ ವರ್ಗೀಕರಣವು ಒಳಪೊರೆಯ ಗಾಯ 5 ಮಿಲಿಮೀಟರ್ ಮೀರದಿದ್ದರೆ ‘ಎ’, ಮೀರಿದರೆ ‘ಬಿ’, ಮಡಿಕೆಯಿಂದ ಮಡಿಕೆಗೆ ಹಬ್ಬಿದ್ದರೆ ‘ಸಿ’, ಸುತ್ತಳತೆಯ ಮುಕ್ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಆವರಿಸಿದ್ದರೆ ‘ಡಿ’ ಎಂದು ದರ್ಜೆಗಳನ್ನು ಗೊತ್ತುಮಾಡಿತು.

ಈ ಅಳತೆಗೋಲು ಗಟ್ಟಿಯಾದಂತೆ ಒಂದು ಇಕ್ಕಟ್ಟೂ ಎದ್ದುಕಂಡಿತು. ಎದೆಯುರಿಯೆಂದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಅನ್ನನಾಳ ಬಿಳಿಬೆಳಕಿನಲ್ಲಿ ನುಣುಪಾಗಿ, ಯಾವ ಗಾಯವೂ ಇಲ್ಲದೆ ಕಾಣುತ್ತಿತ್ತು. ರೋಗವಿಲ್ಲವೇ, ಅಥವಾ ಬೆಳಕು ಸಾಲದೇ ಎಂಬ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಜಪಾನಿನಲ್ಲಿ ಕಜುಹಿರೊ ಗೋನೊ ಮತ್ತು ಯಾಸುಷಿ ಸಾನೊ ಅವರ ಸಂಶೋಧನೆಯಿಂದ ರೂಪುಗೊಂಡ ನ್ಯಾರೋ ಬ್ಯಾಂಡ್ ಇಮೇಜಿಂಗ್, ಅಂದರೆ ಕಿರುಪಟ್ಟಿ ಬೆಳಕಿನ ಚಿತ್ರಣ. ಅದರ ಮೂಲ ಉದ್ದೇಶವೂ ಎದೆಯುರಿಯಲ್ಲ, ಮೊಳಕೆಯಲ್ಲಿರುವ ಕ್ಯಾನ್ಸರಿನ ಪತ್ತೆ. ಇಲ್ಲಿ ಬಿಳಿಬೆಳಕನ್ನು ಸೋಸಿ 415 ನ್ಯಾನೋಮೀಟರಿನ ಸುತ್ತಣ ನೀಲಿ ಮತ್ತು 540ರ ಸುತ್ತಣ ಹಸಿರು ಪಟ್ಟಿಗಳನ್ನಷ್ಟೇ ಬಿಡಲಾಗುತ್ತದೆ. ರಕ್ತದ ಹಿಮೋಗ್ಲೋಬಿನ್ ಈ ಎರಡನ್ನೂ ಚೆನ್ನಾಗಿ ಹೀರುವುದರಿಂದ, ಮತ್ತು ನೀಲಿಬೆಳಕು ಆಳಕ್ಕಿಳಿಯದೆ ಮೇಲ್ಪದರದಿಂದಲೇ ಮರಳುವುದರಿಂದ, ಮೇಲಿನ ಲೋಮನಾಳಗಳು ಕಂದುಬಣ್ಣದಲ್ಲಿಯೂ ಆಳದ ರಕ್ತನಾಳಗಳು ನೀಲಿ ಬೆರೆತ ಹಸಿರಿನಲ್ಲಿಯೂ ಮೂಡುತ್ತವೆ. ನೋಟವನ್ನು ಹಿಗ್ಗಿಸಿದರೆ ಅನ್ನನಾಳದ ತೆಳು ಹಿನ್ನೆಲೆಯಲ್ಲಿ ಕಂದು ಚುಕ್ಕೆಗಳಂತೆ ತೋರುವ ಲೋಮನಾಳಗಳ ಕುಣಿಕೆಗಳನ್ನು ಒಂದೊಂದಾಗಿ ಗುರುತಿಸಬಹುದು. ಆಮ್ಲ ತಾಗಿದ ಅನ್ನನಾಳದಲ್ಲಿ ಈ ಕುಣಿಕೆಗಳು ಸಂಖ್ಯೆಯಲ್ಲಿ ಹೆಚ್ಚಿ, ಹಿಗ್ಗಿ, ಸುರುಳಿಗೊಂಡಿರುತ್ತವೆಂದೂ ಬಿಳಿಬೆಳಕಿಗೆ ಸಿಗದ ಸೂಕ್ಷ್ಮ ಗಾಯಗಳು ಇಲ್ಲಿ ಕಾಣುತ್ತವೆಂದೂ ಅಮೆರಿಕದ ಪ್ರತೀಕ್ ಶರ್ಮ ಮತ್ತು ಸಂಗಡಿಗರು 2007ರಲ್ಲಿ ವರದಿಮಾಡಿದರು. ಹಿಗ್ಗಿಸಿದ ಚಿತ್ರದಲ್ಲಿ ಸುರುಳಿ ಎಷ್ಟು ಸುತ್ತಿದರೆ ರೋಗ ಎಂಬುದು ಮಾತ್ರ ನೋಡುವವನ ಅಂದಾಜಿಗೆ ಬಿಟ್ಟ ವಿಷಯವಾಗಿಯೇ ಉಳಿಯಿತು. ಮಿಲಿಮೀಟರಿನಲ್ಲಿ ಅಳೆಯಬಲ್ಲ ಗಾಯಕ್ಕಿರುವ ಖಚಿತತೆ ಅದಕ್ಕೆ ಬರಲಿಲ್ಲ.

ಆದ್ದರಿಂದಲೇ ಈ ರೋಗವನ್ನು ಖಚಿತಪಡಿಸುವ ಬಗೆಯ ಕುರಿತು ತಜ್ಞರು ರೂಪಿಸಿ 2018ರಲ್ಲಿ ಪ್ರಕಟಿಸಿದ ‘ಲಿಯಾನ್ ಒಮ್ಮತ’ವು ‘ಸಿ’ ಮತ್ತು ‘ಡಿ’ ದರ್ಜೆಯ ಗಾಯ, ಉದ್ದನೆಯ ಬ್ಯಾರೆಟ್ ಒಳಪೊರೆ, ಆಮ್ಲದಿಂದಾದ ಕಿರಿದಾಗುವಿಕೆ ಇವುಗಳನ್ನು ಮಾತ್ರ ಎಂಡೋಸ್ಕೋಪಿಯ ನಿರ್ಣಾಯಕ ಸಾಕ್ಷ್ಯವೆಂದು ಸ್ವೀಕರಿಸಿತು. ಮುಂದಿನ ಪರಿಷ್ಕರಣೆಯಲ್ಲಿ ‘ಬಿ’ ದರ್ಜೆಯೂ ಸೇರಿತು, ಲೋಮನಾಳಗಳ ಕುಣಿಕೆ ಸೇರಲಿಲ್ಲ. ಅನ್ನನಾಳ ನುಣುಪಾಗಿ ಕಂಡ ರೋಗಿಯ ಮೂಗಿನಿಂದ ಇಂದಿಗೂ ಒಂದು ತೆಳುವಾದ ತಂತಿಯನ್ನು ಇಳಿಸಿ, ಬಿಗಿಸ್ನಾಯುವಿನಿಂದ 5 ಸೆಂಟಿಮೀಟರ್ ಮೇಲೆ ನಿಲ್ಲಿಸಿ, 24 ಗಂಟೆ ಆಮ್ಲತೆಯನ್ನು ದಾಖಲಿಸಲಾಗುತ್ತದೆ. ಆ ಅವಧಿಯ ಶೇ. 6ಕ್ಕಿಂತ ಹೆಚ್ಚು ಹೊತ್ತು ಪಿಎಚ್ 4ಕ್ಕಿಂತ ಕೆಳಗಿದ್ದರೆ ರೋಗ ಖಚಿತವಾಗುತ್ತದೆ.