ಮದ್ದಲೆಯ ಕೈ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಬಯಲಾಟದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವೇಷಧಾರಿಗಳ, ಭಾಗವತರ ಹೆಸರು ಹಿಡಿದು ಹೇಳುತ್ತೇವೆ. ಮದ್ದಲೆಗಾರನ ಕೈಯ ಕಡೆಯಿಂದ ಅದನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆ. ದೀಪಾವಳಿಯ ಅನಂತರ ಹೊರಟ ಮೇಳ ಮಳೆಗಾಲದ ಹೊಸ್ತಿಲವರೆಗೆ ಊರೂರು ಸುತ್ತುತ್ತದೆ. ರಾತ್ರಿಯಿಡೀ ಬರಿಯ ಬೆರಳು ಚರ್ಮಕ್ಕೆ ಬಡಿಯುತ್ತಿರಬೇಕು. ಬೆರಳೊಡೆದು ಮಣಿಕಟ್ಟು ಬಾತರೆ ತಿರುಗಾಟವೂ ನಿಂತಿತು, ಸಂಬಳವೂ ನಿಂತಿತು. ಶ್ರುತಿಗೆ ಊದುತ್ತಿದ್ದ ಪುಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂದು ಪುಂಗಿಯವನ ಎದೆಗೆ ಬಿಡುವು ದೊರೆಯಿತು. ಮದ್ದಲೆಯ ಕೈಗೆ ಅಂಥ ಬದಲಿ ಬರಲಿಲ್ಲ.

1830ರ ದಶಕದ ಆರಂಭದಲ್ಲಿ ಜರ್ಮನಿಯ ಶೂಮನ್ನನ ಬಲಗೈ ಬೆರಳು ಸ್ವಾಧೀನ ತಪ್ಪಿತು. ಆತ ಪಿಯಾನೊ ವಾದಕನಾಗುವ ಹಂಬಲ ತೊರೆದು ಸಂಗೀತವನ್ನು ಕಾಗದಕ್ಕಿಳಿಸುತ್ತ ಬಾಳಿದ. ನಮ್ಮವರಿಗಿದ್ದುದು ಕಾಗದವಲ್ಲ, ಬಾಯಿತಾಳ. ಕೈ ಸೋತ ಮದ್ದಲೆಗಾರ ಪೆಟ್ಟುಗಳನ್ನು ಬಾಯಲ್ಲಿ ಹೇಳಿ ಶಿಷ್ಯನ ಕೈಯಲ್ಲಿ ನುಡಿಸಬಲ್ಲ. 1971ರಲ್ಲಿ ಉಡುಪಿಯ ಯಕ್ಷಗಾನ ಕೇಂದ್ರ ಆರಂಭವಾದಾಗ ಈ ಬಾಯಿಪಾಠಕ್ಕೊಂದು ಸೂರಾಯಿತು.

ಏರುಮದ್ದಲೆಗೆ ಹೆಸರಾದ ಹಿರಿಯಡಕ ಗೋಪಾಲ ರಾಯರು ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡರು. ಅವರನ್ನು ಜನ ಬಲ್ಲರು. ನಡುಹರೆಯದಲ್ಲೇ ಕೈ ಸೋತವರ ಹೆಸರು ಮರುವರ್ಷದ ಕರಪತ್ರದಲ್ಲಿ ಇರುವುದಿಲ್ಲ. ಈಚೆಗೆ ಕೆಲವು ಮೇಳಗಳು ಕಾಲಮಿತಿಯ ಆಟಕ್ಕೆ ಒಪ್ಪಿವೆ. ಪರಂಪರೆ ಕುಗ್ಗಿತೆಂದು ಕೊರಗುವವರಿದ್ದಾರೆ; ಆ ಮಣಿಕಟ್ಟನ್ನು ನೆನೆದು ನಾನಂತೂ ಕೊರಗಲಾರೆ.