ಚಿಪ್ಪಿನೊಳಗಿನ ವಿಷಕ್ಕೆ ಕಾವಲು

1983ರಲ್ಲಿ ಮಂಗಳೂರಿನ ಕಡೆ ಮರುವಾಯಿ ಎಂಬ ಚಿಪ್ಪುಜೀವಿಯನ್ನು ತಿಂದವರಿಗೆ ವಿಷವೇರಿದ ಪ್ರಕರಣವನ್ನು ಮೀನುಗಾರಿಕಾ ಕಾಲೇಜಿನ ಕರುಣಾಸಾಗರ್ ದಂಪತಿ ಮತ್ತು ಸಂಗಡಿಗರು 1984ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ದಾಖಲಿಸಿದರು. ಅದಕ್ಕೂ ಮೊದಲು, 1981ರಲ್ಲಿ ತಮಿಳುನಾಡಿನಲ್ಲಿ ಇಂಥದೇ ವಿಷಕ್ಕೆ ಮೂವರು ಬಲಿಯಾಗಿದ್ದರು. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಞಂನಲ್ಲಿ ಪಚ್ಚಿಲೆ ಎಂಬ ಚಿಪ್ಪು ತಿಂದು ಏಳು ಮಂದಿ ತೀರಿಕೊಂಡರು. ಆಸ್ಪತ್ರೆ ಸೇರಿದವರು ಐನೂರಕ್ಕೂ ಹೆಚ್ಚು.

ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಡಲ ಪಾಚಿಗಳು ಈ ವಿಷವನ್ನು ತಯಾರಿಸುತ್ತವೆ. ಚಿಪ್ಪುಜೀವಿಗಳು ನೀರು ಸೋಸಿ ಪಾಚಿ ತಿನ್ನುವಾಗ ವಿಷ ಅವುಗಳ ಮಾಂಸದಲ್ಲಿ ಸೇರುತ್ತಾ ಹೋಗುತ್ತದೆ. ತಿಂದವರಿಗೆ ಮೊದಲು ತುಟಿ ಜುಮುಗುಡುತ್ತದೆ, ಆಮೇಲೆ ಕೈಕಾಲು ಸೋಲುತ್ತವೆ, ವಿಷ ಹೆಚ್ಚಿದ್ದರೆ ಉಸಿರೇ ನಿಲ್ಲುತ್ತದೆ. ಎಷ್ಟು ಕುದಿಸಿದರೂ ಸ್ಯಾಕ್ಸಿಟಾಕ್ಸಿನ್ ಎಂಬ ಈ ವಿಷ ನಾಶವಾಗುವುದಿಲ್ಲ.

1927ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತ ನೂರಕ್ಕೂ ಹೆಚ್ಚು ಜನ ಹೀಗೆ ಅಸ್ವಸ್ಥರಾಗಿ ಆರು ಮಂದಿ ಸತ್ತ ಮೇಲೆ ಈ ವಿಷದ ವ್ಯವಸ್ಥಿತ ಅಧ್ಯಯನ ಶುರುವಾಯಿತು. ಹರ್ಮನ್ ಸಾಮರ್ ಮತ್ತು ಕಾರ್ಲ್ ಮೇಯರ್ ವಿಷದ ಮೂಲ ಪಾಚಿಯೆಂದು ತೋರಿಸಿದರು. ಅಳೆಯುವ ದಾರಿಯನ್ನೂ ಕಂಡುಕೊಂಡರು. ಚಿಪ್ಪಿನ ಮಾಂಸವನ್ನು ಆಮ್ಲದಲ್ಲಿ ಕುದಿಸಿ, ಆ ರಸವನ್ನು ಇಲಿಗೆ ಚುಚ್ಚಿ, ಅದು ಸಾಯಲು ಹಿಡಿದ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳುವುದು. ಕ್ರೂರ ಕ್ರಮ, ನಿಜ. ಆದರೂ ದಶಕಗಳ ಕಾಲ ಜಗತ್ತಿನ ಊಟದ ತಟ್ಟೆಗಳನ್ನು ಕಾದದ್ದು ಅದೇ. ನೂರು ಗ್ರಾಂ ಮಾಂಸಕ್ಕೆ 80 ಮೈಕ್ರೋಗ್ರಾಂ ಎಂಬ ಮಿತಿ ಇಂದಿಗೂ ಬಳಕೆಯಲ್ಲಿದೆ.

1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಚಿಪ್ಪು ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಾಗ ಇಲಿಗಳು ಬೇರೆಯದೇ ಲಕ್ಷಣ ತೋರಿದವು: ಸಾಯುವ ಮುನ್ನ ಹಿಂಗಾಲಿನಿಂದ ಭುಜವನ್ನು ಒಂದೇ ಸಮನೆ ಕೆರೆದುಕೊಂಡವು. ಆ ಸುಳಿವು ಹಿಡಿದು ಹೊರಟ ರಸಾಯನ ವಿಜ್ಞಾನಿಗಳು ಕೆಲವೇ ದಿನಗಳಲ್ಲಿ ಡೊಮೊಯಿಕ್ ಆಮ್ಲವೆಂಬ ಬೇರೊಂದು ವಿಷವನ್ನು ಪತ್ತೆಹಚ್ಚಿದರು. ಮುಂದೆ ರಾಸಾಯನಿಕ ವಿಶ್ಲೇಷಣೆ ಇಲಿಯ ಜಾಗಕ್ಕೆ ಬರತೊಡಗಿತು.

ಕಾವಲಿನ ಇನ್ನೊಂದು ಕವಲು ಆಕಾಶದಿಂದ ಬಂತು. 1978ರಲ್ಲಿ ನಾಸಾದ ನಿಂಬಸ್-7 ಕಡಲ ಬಣ್ಣ ಅಳೆಯುವ ಉಪಕರಣ ಹೊತ್ತು ಹಾರಿತು. 1999ರಲ್ಲಿ ನಮ್ಮ ಓಷನ್‌ಸ್ಯಾಟ್-1 ಹೋಯಿತು. ಪಾಚಿಯ ಪತ್ರಹರಿತ್ತಿನ ಪ್ರಮಾಣ ಎಲ್ಲಿ ಏರಿದೆಯೆಂದು ಉಪಗ್ರಹ ಹೇಳಬಲ್ಲದು. ವಿಷವಿದೆಯೇ ಎಂದು ಹೇಳಲಾರದು. ಜೊತೆಗೆ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದಲ್ಲಿ ತಳದ ಪೋಷಕಾಂಶಗಳು ಮೇಲೇಳುತ್ತವೆ, ಪಾಚಿ ಹುಲುಸಾಗುತ್ತದೆ. ಅದೇ ಹೊತ್ತಿಗೆ ಮೋಡ ಮುಸುಕಿ ಉಪಗ್ರಹಕ್ಕೆ ಕಡಲೇ ಕಾಣುವುದಿಲ್ಲ.

ಹಾಗಾಗಿ ನೀರಿನಲ್ಲೇ ಕೂತು ನೋಡುವ ಯಂತ್ರಗಳು ನನಗೆ ಹೆಚ್ಚು ಮುಖ್ಯವೆನಿಸುತ್ತವೆ. ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯಲ್ಲಿ ರೂಪುಗೊಂಡ ‘ಇಮೇಜಿಂಗ್ ಫ್ಲೋಸೈಟೋಬಾಟ್’ ಇಪ್ಪತ್ತು ನಿಮಿಷಕ್ಕೊಮ್ಮೆ ಐದು ಮಿಲಿಲೀಟರಿನಷ್ಟು ಕಡಲ ನೀರೆಳೆದು, ಅದರಲ್ಲಿನ ಪಾಚಿಕೋಶಗಳ ಫೋಟೊ ತೆಗೆಯುತ್ತದೆ. 2008ರಲ್ಲಿ ಟೆಕ್ಸಾಸಿನ ಪೋರ್ಟ್ ಅರಾನ್ಸಸ್‌ನಲ್ಲಿ ಅದರ ಚಿತ್ರಗಳಲ್ಲಿ ಡೈನೋಫೈಸಿಸ್ ಎಂಬ ವಿಷಕಾರಿ ಪಾಚಿ ಹೆಚ್ಚುತ್ತಿರುವುದು ಕಂಡಿತು. ಸಿಂಪಿ ಹಬ್ಬ ಹತ್ತಿರವಾಗಿತ್ತು. ಮಾಂಸದಲ್ಲಿ ವಿಷ ಇರುವುದು ಖಚಿತವಾಗುತ್ತಲೇ ಸಿಂಪಿ ತೆಗೆಯುವುದನ್ನು ನಿಲ್ಲಿಸಿದರು. ಒಬ್ಬರೂ ಕಾಯಿಲೆ ಬೀಳಲಿಲ್ಲ.

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ 2021ರಲ್ಲಿ ಪಾಚಿ ಮಾಹಿತಿ ಸೇವೆ ಆರಂಭಿಸಿತು. ಈಶಾನ್ಯ ಅರಬ್ಬಿ ಸಮುದ್ರ, ಕೇರಳ ಕರಾವಳಿ, ಮನ್ನಾರ್ ಕೊಲ್ಲಿ, ಒಡಿಶಾದ ಗೋಪಾಲಪುರ ಎಂಬ ನಾಲ್ಕು ಜಾಗಗಳನ್ನು ಮುಖ್ಯ ತಾಣಗಳೆಂದು ಗುರುತಿಸಿತು. ಉಪಗ್ರಹವನ್ನು ನೆಚ್ಚಿದ ಒಳ್ಳೆಯ ಹೆಜ್ಜೆ ಅದು. ಆದರೆ 1983ರ ಮರುವಾಯಿ ಬಂದದ್ದು ಅಳಿವೆಯ ಕೆಸರಿನಿಂದ. ಅಷ್ಟು ಕಿರಿದಾದ, ಕಲಕಿದ ನೀರಿನ ಪಾಚಿಯನ್ನು ಮೇಲಿನಿಂದ ಗುರುತಿಸುವುದು ಕಷ್ಟ.

ನೇತ್ರಾವತಿ, ಗಂಗೊಳ್ಳಿ, ಅಘನಾಶಿನಿ, ಕಾಳಿ ಅಳಿವೆಗಳಲ್ಲಿ ವಾರಕ್ಕೊಮ್ಮೆಯಾದರೂ ನೀರನ್ನು ಸೂಕ್ಷ್ಮದರ್ಶಕದಡಿ ನೋಡಬೇಕು, ಬಳಚು ಮುಂತಾದ ಚಿಪ್ಪುಜೀವಿಗಳ ಮಾಂಸವನ್ನು ಪರೀಕ್ಷಿಸಬೇಕು; ಫಲಿತಾಂಶ ಮೊದಲು ಬುಟ್ಟಿ ಹೊತ್ತು ಮಾರುವ ಹೆಂಗಸರಿಗೆ ತಲುಪಬೇಕು. ಅಂಥ ದಿನ ಬರುವವರೆಗೆ ಓದುಗರು ಇಷ್ಟು ನೆನಪಿಡಿ: ನೀರು ತಿಳಿಯಾಗಿದ್ದರೂ ಚಿಪ್ಪಿನಲ್ಲಿ ವಿಷವಿರಬಹುದು. ಚಿಪ್ಪು ತಿಂದ ಮೇಲೆ ತುಟಿ ಮರಗಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ, ಏನು ತಿಂದಿರೆಂದು ವೈದ್ಯರಿಗೆ ಹೇಳಿ.